ಅಜ್ಜಿಯ ತುಟಿಯ ಕೆಂಪು

ಕಪ್ಪು-ಬಿಳುಪು ಫೋಟೋದಲ್ಲಿ ಒಂದೇ ಒಂದು ಬಣ್ಣ ಉಳಿಸುವುದು ನನಗೆ ತುಂಬಾ ಇಷ್ಟ. ಆದರೆ ಯಾವ ಬಣ್ಣ ಉಳಿಸಬೇಕು ಅಂತ ನಾವು ಯೋಚಿಸುವುದೇ ಕಡಿಮೆ. ಕಣ್ಣಿಗೆ ಮೊದಲು ಹೊಡೆಯುವುದನ್ನೇ ಉಳಿಸಿಬಿಡುತ್ತೇವೆ.

ಅಕ್ಕನ ಮದುವೆ ಆಲ್ಬಮ್‌ನಲ್ಲಿ ಹಾಗೇ ಆಗಿತ್ತು. ಧಾರೆ ಸೀರೆಯ ಕೆಂಪು ಬಿಟ್ಟು ಉಳಿದದ್ದೆಲ್ಲ ಬೂದು. ಪುಟ ತಿರುಗಿಸುತ್ತಿದ್ದ ಅಮ್ಮ, "ಇವಳ ಮುಖ ಯಾಕೆ ಇಷ್ಟು ಕಳೆಗುಂದಿದೆ?" ಎಂದು ಕೇಳಿದರು. ನಿಜ ಅಲ್ವಾ? ಜೀವ ಇದ್ದದ್ದು ಸೀರೆಗೆ ಮಾತ್ರ. ಇವತ್ತಿಗೂ ಆ ಪುಟ ನೋಡಿದರೆ ನನಗೆ ಬೇಜಾರಾಗುತ್ತದೆ.

ಹೋದ ತಿಂಗಳು ಊರಿಗೆ ಹೋದಾಗ ಅಜ್ಜಿಯ ಫೋಟೋ ತೆಗೆದೆ. ಜಗಲಿ ಮೇಲೆ ಕೂತಿದ್ದರು. ಒಂದು ಪಕ್ಕದಿಂದ ಸಂಜೆ ಬೆಳಕು. ಹಸಿರು ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಬಾಯಿ ತುಂಬ ಎಲೆಅಡಿಕೆ.

ಮೊದಲು ಫೋಟೋ ತಿದ್ದುವ ಲೈಟ್‌ರೂಮ್ ಆ್ಯಪ್ ತೆರೆದು ಕೂತೆ. ಅಲ್ಲಿ 8 ಬಣ್ಣಗಳಿಗೆ ಬೇರೆ ಬೇರೆ ಸ್ಲೈಡರ್ ಇವೆ. ಕೆಂಪೊಂದನ್ನು ಬಿಟ್ಟು ಉಳಿದ ಏಳರ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಪೂರ್ತಿ ಇಳಿಸಿದೆ. ಎಡವುವುದು ಇಲ್ಲೇ. ನಮ್ಮ ಚರ್ಮದ ಬಣ್ಣ ಹೆಚ್ಚಾಗಿ ಕಿತ್ತಳೆಯಲ್ಲಿದ್ದರೂ ಸ್ವಲ್ಪ ಕೆಂಪಿನಲ್ಲೂ ಇರುತ್ತದೆ. ಹಾಗಾಗಿ ಕುಂಕುಮದ ಜೊತೆ ಕಿವಿಯ ಹಾಲೆ, ಮೂಗಿನ ಪಕ್ಕ, ಕಣ್ಣಿನ ಅಂಚು ಎಲ್ಲ ತೇಪೆ ತೇಪೆಯಾಗಿ ಕೆಂಪು ಉಳಿದವು. ನೋಡಿದರೆ ತರಚಿದ ಗಾಯದ ಹಾಗೆ.

ಸ್ಲೈಡರ್ ಸಹವಾಸ ಬಿಟ್ಟೆ. ಫೋಟೋಶಾಪ್‌ನಲ್ಲಿ ಫೋಟೋ ಮೇಲೆ ಬಣ್ಣ ಮರೆಸುವ ಬ್ಲ್ಯಾಕ್ ಅಂಡ್ ವೈಟ್ ಲೇಯರ್ (ಪದರ) ಹಾಕಿ, ಆ ಪದರ ಎಲ್ಲೆಲ್ಲಿ ಕಾಣಬೇಕು ಅಂತ ತೀರ್ಮಾನಿಸುವ ಮಾಸ್ಕ್ ಮೇಲೆ ಕಪ್ಪು ಬ್ರಷ್‌ನಿಂದ ಬೇಕಾದ ಕಡೆ ಮಾತ್ರ ಬಳಿದು ಬಣ್ಣ ವಾಪಸ್ ತಂದೆ. ಮೊಬೈಲ್‌ನಲ್ಲಾದರೆ ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲೂ ಈ ಕೆಲಸ ಆಗುತ್ತದೆ, ಝೂಮ್ ಮಾಡಿ ತಾಳ್ಮೆಯಿಂದ ಬೆರಳಾಡಿಸಬೇಕು ಅಷ್ಟೇ. ಇನ್ನೊಂದು ಮಾತು. ಅದೇ ಲೇಯರ್‌ನಲ್ಲಿ ಕೆಂಪು ಮತ್ತು ಹಳದಿ ಸ್ಲೈಡರ್‌ಗಳನ್ನು ಸ್ವಲ್ಪ ಏರಿಸಿದರೆ ಚರ್ಮ ಬೆಳಗುತ್ತದೆ. ಅಕ್ಕನ ಫೋಟೋಗೆ ಯಾರೂ ಇಷ್ಟು ಮಾಡಲಿಲ್ಲವಲ್ಲ ಅಂತ ಈಗಲೂ ಅನ್ನಿಸುತ್ತದೆ. ಬಣ್ಣ ಹೋದರೂ ಮುಖದ ಬೆಳಕು ಹೋಗಬಾರದು.

ಮೊದಲು ಕುಂಕುಮ ಮಾತ್ರ ಉಳಿಸಿದೆ. ಚೆನ್ನಾಗೇ ಇತ್ತು. ಆದರೆ ಅಂಥ ಚಿತ್ರ ಎಷ್ಟು ನೋಡಿಲ್ಲ? ಯಾರ ಅಜ್ಜಿ ಬೇಕಾದರೂ ಆಗಬಹುದಿತ್ತು. ಕುಂಕುಮದ ಬಣ್ಣ ತೆಗೆದು ತುಟಿಗೆ ಬಂದೆ. ಎಲೆಅಡಿಕೆಯ ಕೆಂಪು ತುಟಿ ಮಧ್ಯದಲ್ಲಿ ಗಾಢವಾಗಿತ್ತು. ಬಾಯಿಯ ಎಡ ಮೂಲೆಯಲ್ಲಿ ಸುಕ್ಕಿನ ಗೆರೆಗೆ ಇಳಿದು, ಕೂದಲೆಳೆಯಷ್ಟು ತೆಳುವಾಗಿ ಗಲ್ಲದವರೆಗೆ ಹೋಗಿತ್ತು. ಮೃದು ಅಂಚಿನ ಸಣ್ಣ ಬ್ರಷ್ ಹಿಡಿದು ಆ ಗೆರೆಯನ್ನೂ ಬಿಡದೆ ಬಳಿದೆ. ಅಷ್ಟು ಹೊತ್ತಿಗೆ ಅಜ್ಜಿ ಈಗ ಬಾಯಿಬಿಟ್ಟು ನನ್ನನ್ನು ಕರೆಯುತ್ತಾರೆ ಅನ್ನಿಸಿತು. ನಾನು ಹುಡುಕುತ್ತಿದ್ದ ನಾಟಕೀಯತೆ ಅದೇ.

ಮೊನ್ನೆ ಹೋಗಿ ತೋರಿಸಿದೆ. ಅಜ್ಜಿ ತುಟಿ ನೋಡಿ ನಕ್ಕರು. ಆಮೇಲೆ ಫೋನನ್ನು ಕಣ್ಣ ಹತ್ತಿರ ತಂದು, ಹೆಬ್ಬೆರಳಿನಿಂದ ಹಣೆಯ ಮೇಲೆ ಉಜ್ಜಿದರು. "ಕುಂಕುಮ ಯಾಕೋ ಕಪ್ಪಾಗಿದೆ? ನಿಮ್ಮಜ್ಜ ಗಟ್ಟಿಮುಟ್ಟಾಗಿ ಒಳಗೆ ಕೂತಿದ್ದಾರೆ."

ಆ ಮಾತು ನನಗೆ ಚುಚ್ಚಿತು. ನನಗೆ ಆ ಕುಂಕುಮ ಬರೀ ಒಂದು ಟೋನ್, ಬಣ್ಣದ ಒಂದು ಛಾಯೆ ಆಗಿತ್ತು. ರಾತ್ರಿಯೇ ಫೈಲ್ ತೆರೆದು ಕುಂಕುಮದ ಮೇಲೆ ಮತ್ತೆ ಬ್ರಷ್ ಆಡಿಸಿದೆ. ಈಗ ಚಿತ್ರದಲ್ಲಿ ಎರಡು ಕೆಂಪು ಇವೆ. 12x18 ಇಂಚಿನ ಮ್ಯಾಟ್ (ಹೊಳಪಿಲ್ಲದ) ಪ್ರಿಂಟ್‌ಗೆ ಕೊಟ್ಟಿದ್ದೇನೆ, ಶನಿವಾರ ತಗೊಂಡು ಊರಿಗೆ ಹೋಗಬೇಕು.