ಸ್ಪಷ್ಟನೆ: ಫ್ರೀಮಾಂಟ್‌ನಲ್ಲಿ ಕೆಲಸ ಮಾಡಿದ್ದು ಬಹುಪಾಲು ಹಳಬರೇ

'ಲೀನ್ ಅಂದ್ರೆ ಹಳಬರನ್ನು ಕಳಿಸಿ ಹೊಸಬರನ್ನು ತರೋದು, ಅಮೆರಿಕದಲ್ಲಿ ಟೊಯೋಟಾ ಮಾಡಿದ್ದೂ ಅದೇ' ಎನ್ನುವ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಲೀನ್ ಅಂದ್ರೆ ವ್ಯರ್ಥ ಕಡಿಮೆ ಮಾಡಿ ಕೆಲಸ ನಡೆಸುವ ಟೊಯೋಟಾ ಪದ್ಧತಿ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ್ದ ಕಾರ್ಖಾನೆಯನ್ನೇ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಸೇರಿ 1984ರಲ್ಲಿ 'ನುಮ್ಮಿ' ಹೆಸರಲ್ಲಿ ಮತ್ತೆ ತೆರೆದವು. ಕೆಲಸಕ್ಕೆ ಸೇರಿದವರಲ್ಲಿ ಬಹುಪಾಲು ಅದೇ ಹಳಬರು, ಅದೇ ಯೂನಿಯನ್.

ಬದಲಾಗಿದ್ದು ಮೇಲ್ವಿಚಾರಣೆ. ತಂಡದ ಮುಖ್ಯಸ್ಥರನ್ನು ಜಪಾನಿನ ತಕಾವೊಕ ಕಾರ್ಖಾನೆಗೆ ಕಳಿಸಿ, ಅಲ್ಲಿ ಕಾರು ಜೋಡಿಸುವ ಲೈನಿನಲ್ಲೇ ನಿಲ್ಲಿಸಿ ಕಲಿಸಿದರು. ಸುಮ್ನೆ ಪಾಠ ಹೇಳಿ ಕಳಿಸಲಿಲ್ಲ. ತೊಂದರೆ ಕಂಡರೆ ಯಾವ ಕಾರ್ಮಿಕನಾದರೂ ನೆರವು ಕರೆಯುವ, ಬೇಕಾದರೆ ಲೈನನ್ನೇ ನಿಲ್ಲಿಸುವ ಹಗ್ಗ ಎಳೆಯಬಹುದಿತ್ತು. ಆಗ ಮುಖ್ಯಸ್ಥ ಬೈಯದೆ ಬಂದು ನೆರವಾಗಬೇಕು. ಜಾಸ್ತಿ ಕಷ್ಟದ ಪಾಠ ಇದೇ ಅಲ್ವಾ?

ಇಲ್ಲಿ ಕಲಿತ ಮ್ಯಾನೇಜರುಗಳು ಜನರಲ್ ಮೋಟಾರ್ಸ್‌ನ ಬೇರೆ ಕಾರ್ಖಾನೆಗಳಲ್ಲಿ ಇದನ್ನು ಹರಡಲು ಹೆಣಗಿದ್ದೂ ನಿಜ. ಸಂದೇಶ ಆ ಮಾತೇ ಎತ್ತುವುದಿಲ್ಲ.