ಬಾರ್ಬಿಯ ಸೊಂಟವೂ ಬಟ್ಟೆಯ ಬೀರುವೂ

ಬಾರ್ಬಿ ಮಾತು ಬಂದರೆ ಸಾಕು, ಎಲ್ಲರೂ ಅವಳ ಸೊಂಟಕ್ಕೇ ಗಂಟು ಬೀಳುತ್ತಾರೆ. ಇಂಥ ಮೈಕಟ್ಟು ಯಾವ ಹೆಂಗಸಿಗಿರುತ್ತೆ, ಹುಡುಗಿಯರ ತಲೆ ಕೆಡಲ್ವಾ ಅಂತ. ನ್ಯಾಯವಾದ ಜಗಳವೇ. ಆದರೆ ಈ ಗೊಂಬೆಯನ್ನು ಮಾಡುವ ಮ್ಯಾಟೆಲ್ ಕಂಪನಿಯ ಕಣ್ಣಿದ್ದದ್ದು ಸೊಂಟದ ಮೇಲಲ್ಲ, ಬಟ್ಟೆಯ ಬೀರುವಿನ ಮೇಲೆ ಅನ್ನೋದು ನನ್ನ ವಾದ.

ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ರುತ್ ಹ್ಯಾಂಡ್ಲರ್ ಅವರ ಮಗಳು ಬಾರ್ಬರಾ ಕಾಗದದ ಗೊಂಬೆಗಳಿಗೆ ದೊಡ್ಡವರ ವೇಷ ಹಾಕಿ ಆಡುತ್ತಿದ್ದಳಂತೆ. ಅಮೆರಿಕದ ಅಂಗಡಿಗಳಲ್ಲಿ ಆಗ ಇದ್ದದ್ದು ಹೆಚ್ಚಾಗಿ ಕೂಸಿನ ಗೊಂಬೆಗಳು: ಹಾಲು ಕುಡಿಸು, ತಟ್ಟಿ ಮಲಗಿಸು, ಅಷ್ಟೇ. 1956ರಲ್ಲಿ ಸ್ವಿಟ್ಜರ್‌ಲೆಂಡ್‌ಗೆ ಹೋದಾಗ ರುತ್ ಕಣ್ಣಿಗೆ ಜರ್ಮನಿಯ ಬಿಲ್ಡ್ ಲಿಲ್ಲಿ ಬಿದ್ದಳು. ಪತ್ರಿಕೆಯೊಂದರ ವ್ಯಂಗ್ಯಚಿತ್ರದಿಂದ ಇಳಿದು ಬಂದ ಬಿನ್ನಾಣಗಿತ್ತಿ, ದೊಡ್ಡವರ ತಮಾಷೆಗೆಂದು ಮಾಡಿದ ಗೊಂಬೆ. ಅವಳ ಬಟ್ಟೆ ಮಾತ್ರ ಬೇಕು ಅಂದರೆ ಕೊಡಲಿಲ್ಲ, ಪ್ರತಿ ಬಟ್ಟೆಗೂ ಗೊಂಬೆಯನ್ನೂ ಸೇರಿಸಿಯೇ ಕೊಳ್ಳಬೇಕಿತ್ತು ಅಂತ ರುತ್ ಮುಂದೆ ಹೇಳಿಕೊಂಡಿದ್ದಾರೆ. ನನ್ನ ಪ್ರಕಾರ ವ್ಯಾಪಾರದ ಗುಟ್ಟು ಹೊಳೆದದ್ದು ಅಲ್ಲೇ.

1959ರ ಮಾರ್ಚ್ 9ರಂದು ನ್ಯೂಯಾರ್ಕ್‌ನ ಆಟಿಕೆ ಮೇಳಕ್ಕೆ ಬಂದ ಬಾರ್ಬಿಯ ಮೈಮೇಲಿದ್ದದ್ದು ಕಪ್ಪು-ಬಿಳಿ ಪಟ್ಟೆಯ ಈಜುಡುಗೆ ಮಾತ್ರ. ಬೆಲೆ 3 ಡಾಲರ್. ಈಜುಡುಗೆಯಲ್ಲಿ ಎಷ್ಟು ದಿನ ಇರ್ತಾಳೆ? ಗೌನು, ಕೋಟು, ಟೋಪಿ, ಬೂಟು ಎಲ್ಲಾ ಬೇರೆ, ಎಲ್ಲದಕ್ಕೂ ಬೇರೆ ದುಡ್ಡು. ಅವನ್ನು ವಿನ್ಯಾಸ ಮಾಡಿದ್ದು ಷಾರ್ಲಟ್ ಜಾನ್ಸನ್, ಹೊಲಿದದ್ದು ಜಪಾನಿನ ಹೆಂಗಸರು. ಅಂಗೈಯಲ್ಲಿ ಮುಚ್ಚಿಹೋಗುವ ಕೋಟಿಗೂ ಒಳಗೆ ಲೈನಿಂಗು, ಕಾಳಿನಷ್ಟು ಗುಂಡಿ. ಈ ಕೆಲಸಗಾರಿಕೆಯ ಬಗ್ಗೆ ಯಾರೂ ಮಾತೇ ಆಡಲ್ಲ.

1965ರಲ್ಲಿ ಬಾರ್ಬಿ ಗಗನಯಾತ್ರಿಯಾದಳು. ಅದೇ ವರ್ಷದ ಇನ್ನೊಂದು ಸೆಟ್‌ನಲ್ಲಿ 110 ಪೌಂಡಿಗೆ (ಸುಮಾರು 50 ಕಿಲೋ) ನಿಂತ ತೂಕದ ಯಂತ್ರ, ಜೊತೆಗೆ ತೂಕ ಇಳಿಸುವ ಪುಸ್ತಕ. ಅದರ ಉಪದೇಶ ಒಂದೇ: ತಿನ್ನಬೇಡ! ಚಂದ್ರನಿಗೂ ಕಳಿಸುತ್ತಾರೆ, ಊಟವನ್ನೂ ಬಿಡಿಸುತ್ತಾರೆ. ಕಂಪನಿಗೆ ಎರಡೂ ಒಂದೊಂದು ಸೆಟ್ಟು, ಅಷ್ಟೇ. ನಮ್ಮ ಅಂಗಡಿಗಳಿಗೆ ಬಂದ ಸೀರೆಯ ಬಾರ್ಬಿಯೂ ಹಾಗೇ. ಹಣೆಗೊಂದು ಬೊಟ್ಟು, ಮೈಗೆ ಜರಿ ಸೀರೆ, ಒಳಗಿರೋಳು ಅದೇ ಅಮೆರಿಕದಾಕೆ.

ಹಾಗಂತ ರುತ್ ಬಗ್ಗೆ ನನಗೆ ತಾತ್ಸಾರವಿಲ್ಲ. 1970ರಲ್ಲಿ ಸ್ತನ ಕ್ಯಾನ್ಸರ್ ಆಗಿ ಒಂದು ಸ್ತನ ತೆಗೆಸಿಕೊಂಡ ಮೇಲೆ ಮಾರುಕಟ್ಟೆಯ ಕೃತಕ ಸ್ತನಗಳು ಅವರಿಗೆ ಸರಿಹೋಗಲಿಲ್ಲ. ತಾವೇ ಕಂಪನಿ ತೆರೆದು, ಎಡಕ್ಕೆ ಬೇರೆ, ಬಲಕ್ಕೆ ಬೇರೆ ಅಂತ ಮಾಡಿಸಿ ಮಾರಿದರು. ಬಾರ್ಬಿಗಿಂತ ದೊಡ್ಡ ಕೆಲಸ ಇದು, ನನ್ನನ್ನು ಕೇಳಿದರೆ.

2016ರಲ್ಲಿ ದುಂಡನೆಯ, ಎತ್ತರದ, ಗಿಡ್ಡನೆಯ ಬಾರ್ಬಿಗಳೂ ಬಂದರು. ತಡವಾಯಿತು, ಆದರೂ ಒಳ್ಳೆಯದೇ ಆಯಿತು. ಆದರೆ ದುಂಡನೆಯವಳಿಗೆ ಮನೆಯಲ್ಲಿರೋ ಹಳೇ ಬಾರ್ಬಿಯ ಬಟ್ಟೆ ಮೈಗೆ ಆಗಲ್ಲ. ಹೊಸದಾಗಿ ಕೊಳ್ಳಬೇಕು.