ಸನ್ಮಾನ ಬೇಡ, ಪಾತ್ರ ಕೊಡಿ

ಸ್ವೀಡನ್ನಿನ ಸ್ಟಾಕ್‌ಹೋಮಿಗೆ ಬಂದು ನೆಲೆಸಿದ ಮೇಲೆ ಇಲ್ಲಿನ ಹಲವು ಸಂಗತಿಗಳನ್ನು ಮೆಚ್ಚಿದ್ದೇನೆ. ನಿಜವಾಗಿ ಹೊಟ್ಟೆಕಿಚ್ಚಾದದ್ದು ಮಾತ್ರ ಇಲ್ಲಿನ ಹಿರಿಯ ನಟಿಯರ ಬದುಕನ್ನು ತಿಳಿದುಕೊಂಡಾಗ. ಅವರಲ್ಲಿ ಒಬ್ಬರ ಕಥೆಯನ್ನು ನಮ್ಮವರು ಓದಲೇಬೇಕು ಅನ್ನಿಸುತ್ತದೆ. ಅವರು ಅನಿತಾ ಬ್ಯೋರ್ಕ್.

ಅನಿತಾ ಹುಟ್ಟಿದ್ದು 1923ರಲ್ಲಿ, ದಾಲಾರ್ನಾ ಸೀಮೆಯ ತೆಲ್‌ಬೆರಿ ಎಂಬ ಹಳ್ಳಿಯಲ್ಲಿ. ರಾಜಧಾನಿಯ ರಾಷ್ಟ್ರೀಯ ರಂಗಮಂದಿರ ಡ್ರಾಮಾಟೆನ್‌ನ ನಟನಾಶಾಲೆಯಲ್ಲಿ 1942ರಿಂದ ಮೂರು ವರ್ಷ ಕಲಿತರು. ಕಲಿಕೆ ಮುಗಿದ ಕೂಡಲೇ ಅದೇ ರಂಗಮಂದಿರದ ತಂಡ ಸೇರಿದರು. ಅಲ್ಲಿಂದ ಮುಂದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ನಂಟು ಆ ಕಟ್ಟಡದೊಂದಿಗೇ. 1788ರಲ್ಲಿ ಮೂರನೇ ಗುಸ್ತಾವ್ ದೊರೆ ಹುಟ್ಟುಹಾಕಿದ ಸಂಸ್ಥೆ ಅದು. ಈಗಿನ ಅಮೃತಶಿಲೆಯ ಕಟ್ಟಡ 1908ರದು. ಪೂರ್ತಿ ಹೆಸರಿನಲ್ಲಿ ‘ರಾಯಲ್’ ಎಂದಿದ್ದರೂ ನಡೆಯುವುದು ಸರ್ಕಾರದ ಹಣದಲ್ಲಿ.

ಹೊರಗಿನ ಲೋಕ ಅವರನ್ನು ಗುರುತಿಸಿದ್ದು ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗ್‌ನ 1888ರ ನಾಟಕವನ್ನು ಆಧರಿಸಿ ಆಲ್ಫ್ ಶೋಬೆರಿ ತೆಗೆದ ‘ಮಿಸ್ ಜೂಲಿ’ ಚಿತ್ರದಿಂದ. 1951ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಇಟಲಿಯ ಮತ್ತೊಂದು ಚಿತ್ರದೊಂದಿಗೆ ಅದು ಹಂಚಿಕೊಂಡಿತು. ಜಮೀನ್ದಾರನ ಮಗಳು ಜೂಲಿ, ಮನೆಯ ಆಳು ಜಾನ್, ನಡುಬೇಸಿಗೆಯ ಹಬ್ಬದ ಒಂದು ರಾತ್ರಿ, ಇಷ್ಟೇ ಕಥೆ. ಜೂಲಿ ತನ್ನ ಬಾಲ್ಯವನ್ನು ಹೇಳಿಕೊಳ್ಳುವಾಗ ನಿರ್ದೇಶಕರು ದೃಶ್ಯವನ್ನು ಕತ್ತರಿಸಿ ಹಿಂದಕ್ಕೆ ಹೋಗುವುದಿಲ್ಲ. ಅವಳು ಮಾತಾಡುತ್ತಿರುವ ಅದೇ ಕೋಣೆಗೆ, ಅದೇ ಚೌಕಟ್ಟಿನೊಳಕ್ಕೆ, ಸತ್ತುಹೋದ ತಾಯಿಯೂ ಪುಟ್ಟ ಹುಡುಗಿಯಾಗಿದ್ದ ಅವಳೂ ನಡೆದುಬರುತ್ತಾರೆ. ಅವರ ಮುಂದೆ ನಿಂತ ಅನಿತಾರ ಮುಖವನ್ನು ನೋಡಬೇಕು. ಯಜಮಾನಿಯ ಬಿಗುಮಾನ ಗದ್ದದಲ್ಲಿ ಹಾಗೇ ಇರುತ್ತದೆ, ಕಣ್ಣು ಮಾತ್ರ ಪೆಟ್ಟು ತಿಂದ ಮಗುವಿನದು. ನಾಟಕದವರು ಸಿನಿಮಾದಲ್ಲಿ ಅತಿಯಾಗಿ ಅಭಿನಯಿಸುತ್ತಾರೆ ಎನ್ನುವವರಿಗೆ ಈ ಒಂದು ದೃಶ್ಯವನ್ನು ತೋರಿಸಿದರೆ ಸಾಕು.

ಆ ಚಿತ್ರ ನೋಡಿದ ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್ ತಮ್ಮ ‘ಐ ಕನ್ಫೆಸ್’ಗೆ ಈಕೆಯೇ ನಾಯಕಿ ಎಂದು ನಿಶ್ಚಯಿಸಿ ಅಮೆರಿಕಕ್ಕೆ ಕರೆಸಿಕೊಂಡರು. ಅನಿತಾ ಜೊತೆಯಲ್ಲಿ ಬಂದವರು ಲೇಖಕ ಸ್ಟಿಗ್ ದಾಗರ್ಮನ್ ಮತ್ತು ಇಬ್ಬರ ಕೈಗೂಸು. ಮದುವೆ ಆಗಿರಲಿಲ್ಲ. ಸ್ವೀಡನ್ನಿನವರೇ ಆದ ಹಾಲಿವುಡ್ ನಟಿ ಇಂಗ್ರಿಡ್ ಬರ್ಗ್‌ಮನ್ ಮತ್ತು ಇಟಲಿಯ ನಿರ್ದೇಶಕ ರೊಸೆಲಿನಿ ಅವರ ಮದುವೆಯಾಚೆಗಿನ ಸಂಬಂಧದ ಗದ್ದಲ ಇನ್ನೂ ಆರಿರದ ಕಾಲ. ವಾರ್ನರ್ ಬ್ರದರ್ಸ್ ಸ್ಟುಡಿಯೊ ಬೆದರಿ ಹಿಂದೆ ಸರಿಯಿತು. ಪಾತ್ರ ಆ್ಯನ್ ಬ್ಯಾಕ್ಸ್‌ಟರ್ ಪಾಲಾಯಿತು. ಅನಿತಾ ಊರಿಗೆ ಮರಳಿ ಮತ್ತೆ ನಾಟಕದಲ್ಲಿ ತೊಡಗಿದರು. 1953ರಲ್ಲಿ ಆ ಜೋಡಿಗೆ ಮದುವೆಯೂ ಆಯಿತು.

ಮರುವರ್ಷ ಗ್ರೆಗರಿ ಪೆಕ್ ಜೊತೆಗಿನ ಅಮೆರಿಕನ್ ಚಿತ್ರವೊಂದು ತೆರೆ ಕಂಡಿತು. ಅದೇ ವರ್ಷದ ನವೆಂಬರಿನಲ್ಲಿ ದಾಗರ್ಮನ್ ತಾವೇ ಪ್ರಾಣ ಕಳೆದುಕೊಂಡರು. ಇಬ್ಬರಿಗೂ ಆಗ ಮೂವತ್ತೊಂದು ವಯಸ್ಸು. ಮಡಿಲಲ್ಲಿ ಮಗು, ಮೈಮೇಲೆ ಇಡೀ ದೇಶದ ಕಣ್ಣು. ಇಂಥ ಹೊತ್ತಿನಲ್ಲಿ ನಟಿಯೊಬ್ಬಳನ್ನು ಕಾಯುವುದು ಪ್ರತಿಭೆಯಲ್ಲ, ಪ್ರಶಸ್ತಿಯೂ ಅಲ್ಲ. ಹೋಗಲು ಒಂದು ತಾಲೀಮು ಕೋಣೆ, ಮುಂದಿನ ನಾಟಕದಲ್ಲಿ ಒಂದು ಪಾತ್ರ, ತಿಂಗಳಿಗೊಂದು ಸಂಬಳ. ಅನಿತಾರಿಗೆ ಅದಿತ್ತು.

ಅದೇ 1954ರಲ್ಲಿ ನಮ್ಮಲ್ಲಿ ‘ಬೇಡರ ಕಣ್ಣಪ್ಪ’ ಬಂತು. ರಾಜ್‌ಕುಮಾರರಿಗೆ ಅದರಲ್ಲಿ ನಾಯಕಿ ಪಂಡರಿಬಾಯಿ. ಹೆಚ್ಚುಕಡಿಮೆ ಓರಗೆಯವರು. ಮುಂದೆ ಅದೇ ಪಂಡರಿಬಾಯಿ ಅದೇ ರಾಜ್‌ಕುಮಾರರಿಗೆ ತಾಯಿಯಾಗಿ ಅಭಿನಯಿಸಿದರು. ನಾಯಕ ನಾಯಕನಾಗಿಯೇ ಉಳಿದ, ನಾಯಕಿಯ ತಲೆಗೆ ಬಿಳಿ ಬಣ್ಣ ಬಂತು. ಪಂಡರಿಬಾಯಿ ಆ ತಾಯಂದಿರನ್ನು ಎಷ್ಟು ಪ್ರೀತಿಯಿಂದ ಅಭಿನಯಿಸಿದರೆಂದರೆ ನಮಗದು ಅನ್ಯಾಯ ಎಂದು ಹೊಳೆಯಲೇ ಇಲ್ಲ. ನನಗೆ ಈಗ ಹೊಳೆಯುತ್ತದೆ, ಸಿಟ್ಟೂ ಬರುತ್ತದೆ.

ಹಾಗೆಂದು ನಟಿಗೆ ನೆಲೆ ಕೊಡುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ ಎನ್ನಲಾಗದು. ಗುಬ್ಬಿ ನಾಟಕ ಕಂಪನಿ ಅಂಥ ಒಂದು ಮನೆಯೇ ಆಗಿತ್ತು. ಬಿ. ಜಯಮ್ಮನವರಂಥ ಹಾಡುವ ನಟಿ ಅಲ್ಲಿ ಬೆಳೆದು ಚಿತ್ರರಂಗದಲ್ಲೂ ಹೆಸರು ಮಾಡಿದರು. ಕಂಪನಿಯಲ್ಲಿ ಸಂಬಳವಿತ್ತು, ಊಟವಿತ್ತು, ಕ್ಯಾಂಪಿನಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದರು. ಆದರೆ ಎಲ್ಲವೂ ನಿಂತಿದ್ದು ಆ ದಿನದ ಕಲೆಕ್ಷನ್ ಮೇಲೆ. ಜಾತ್ರೆ ಚೆನ್ನಾಗಿ ನಡೆದರೆ ಹಬ್ಬ, ಮಳೆ ಹಿಡಿದು ಕೂತರೆ ಸಾಲ. ಸಿನಿಮಾ, ಆಮೇಲೆ ಟಿ.ವಿ. ಬಂದು ಕಂಪನಿಗಳು ಒಂದೊಂದಾಗಿ ಡೇರೆ ಬಿಚ್ಚಿದಾಗ ನಟಿಯರು ಬೀದಿಗೆ ಬಿದ್ದರು. ಸ್ವೀಡನ್ನಿನವರು ಮಾಡಿದ್ದು ಇಷ್ಟೇ: ಆ ಮನೆಯನ್ನು ಮಳೆಯಿಂದ ಕಾಪಾಡಿದರು.

ಇದರ ಫಲ ಕಂಡದ್ದು ಅನಿತಾರ ಮುಪ್ಪಿನಲ್ಲಿ. 1998ರಲ್ಲಿ, ಎಪ್ಪತ್ತೈದರ ಹೊತ್ತಿಗೆ, ಡ್ರಾಮಾಟೆನ್‌ನಲ್ಲಿ ಇಂಗ್ಮಾರ್ ಬರ್ಗ್‌ಮನ್ ನಿರ್ದೇಶಿಸಿದ ಪೆರ್ ಊಲೊವ್ ಎಂಕ್ವಿಸ್ಟರ ನಾಟಕದಲ್ಲಿ ಅವರು ಸೆಲ್ಮಾ ಲಾಗರ್ಲೋಫ್ ಆದರು. ಸಾಹಿತ್ಯಕ್ಕೆ ನೊಬೆಲ್ ಪಡೆದ ಮೊದಲ ಮಹಿಳೆ ಲಾಗರ್ಲೋಫ್, 1909ರಲ್ಲಿ. ತಮ್ಮ ಕಾದಂಬರಿ ಸಿನಿಮಾ ಆಗುತ್ತಿರುವುದನ್ನು ನೋಡಲು ಬಂದ ಲೇಖಕಿ, ಕುಡುಕನಾಗಿದ್ದ ತನ್ನ ತಂದೆಯ ನೆನಪಿಗೆ ಎದುರಾಗುವ ನಾಟಕ ಅದು. ಅಂದರೆ ಅನಿತಾ ವಹಿಸಿದ್ದು ಯಾರದೋ ಅಜ್ಜಿಯ ಪಾತ್ರವನ್ನಲ್ಲ. ಬುದ್ಧಿ, ಹೆಮ್ಮೆ, ಬಚ್ಚಿಟ್ಟ ಗಾಯ ಎಲ್ಲ ಇರುವ ಹೆಂಗಸಿನದು. ಅವರು ತೀರಿಕೊಂಡದ್ದು 2012ರಲ್ಲಿ.

ಆ ಕಟ್ಟಡದ ಪಕ್ಕದ ಕಾಲುದಾರಿಯಲ್ಲಿ ಇನ್ನೊಬ್ಬ ನಟಿ ಮಾರ್ಗರೆತಾ ಕ್ರೂಕ್ ಅವರ ಕಂಚಿನ ಪ್ರತಿಮೆ ನಿಂತಿದೆ. ಪೀಠವಿಲ್ಲ, ನೆಲದ ಮೇಲೇ ನಮ್ಮೆತ್ತರಕ್ಕೆ. ಒಳಗಿನಿಂದ ಅದನ್ನು ಮನುಷ್ಯರ ಮೈಬಿಸಿಯಷ್ಟು ಬೆಚ್ಚಗೆ ಇಟ್ಟಿರುತ್ತಾರೆ. ಜನವರಿಯ ಕೊರೆತದಲ್ಲಿ ಕೈಗವಸು ತೆಗೆದು ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಬಿಸಿ ಹತ್ತುತ್ತದೆ. ನಟಿಯ ನೆನಪನ್ನು ಹೀಗೂ ಉಳಿಸಿಕೊಳ್ಳಬಹುದು ಎಂದು ಯೋಚಿಸಿದ ಊರಿನ ಬಗ್ಗೆ ನನಗೆ ಗೌರವವಿದೆ.

ಇಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳುತ್ತಿಲ್ಲ. 2017ರ ನವೆಂಬರಿನಲ್ಲಿ 456 ನಟಿಯರು ತಮ್ಮ ಮೇಲೆ ನಡೆದ ಲೈಂಗಿಕ ಕಿರುಕುಳದ ವಿರುದ್ಧ ಒಟ್ಟಾಗಿ ಸಹಿ ಹಾಕಿ ಪತ್ರಿಕೆಯಲ್ಲಿ ಬರೆದರು. ಸಂಬಳ, ಪಿಂಚಣಿ ಇದ್ದ ಮಾತ್ರಕ್ಕೆ ಮರ್ಯಾದೆ ತಾನಾಗಿ ಬರುವುದಿಲ್ಲ. ಆದರೂ ಅಷ್ಟು ಜನ ಒಟ್ಟಿಗೆ ಬಾಯಿ ಬಿಡಲು ಕಾಲ ಕೆಳಗೆ ಸ್ವಲ್ಪವಾದರೂ ಗಟ್ಟಿ ನೆಲ ಬೇಕು.

ನಮ್ಮಲ್ಲಿ 1985ರಿಂದ ಊರೂರು ಸುತ್ತಿ ನಾಟಕವಾಡುವ ನೀನಾಸಂ ತಿರುಗಾಟವಿದೆ. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣ ಕಟ್ಟಿದರು, ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ಇದೆ. ಸರ್ಕಾರದ ಸಂಬಳದಲ್ಲಿ ನಾಟಕವಾಡುವ ತಂಡ ನಮಗೆ ಹೊಸದಲ್ಲ. ಆದರೆ ಅರವತ್ತು ದಾಟಿದ ನಟಿಗೆ ನಾವು ಕೊಡುವುದೇನು? ಮಾಸಾಶನಕ್ಕೆ ಒಂದು ಅರ್ಜಿ ನಮೂನೆ, ನವೆಂಬರಿನಲ್ಲಿ ಒಂದು ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಗೆ ಕೈಹಿಡಿದು ಹತ್ತಿಸಿ, ಫೋಟೊ ತೆಗೆದು, ಕೈಹಿಡಿದೇ ಇಳಿಸುತ್ತೇವೆ. ಮಾತಾಡಲು ಎರಡು ನಿಮಿಷ ಸಿಕ್ಕರೆ ಪುಣ್ಯ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿಯೊಂದು ರಂಗಾಯಣವೂ ವರ್ಷಕ್ಕೆ ಒಂದು ನಾಟಕವನ್ನು ಹಿರಿಯ ನಟಿಯೊಬ್ಬರನ್ನು ನಡುವಿಟ್ಟುಕೊಂಡು ಕಟ್ಟಲಿ. ತಾಲೀಮಿನ ತಿಂಗಳುಗಳಿಗೂ ಸಂಬಳ ಕೊಡಲಿ, ಊರೂರಿಗೆ ಪ್ರಯೋಗ ಹೋಗಲಿ. ದೇವನೂರರ ‘ಒಡಲಾಳ’ದ ಮುದುಕಿ ಸಾಕವ್ವನನ್ನು ಉಮಾಶ್ರೀ ಹರೆಯದಲ್ಲೇ ಅಭಿನಯಿಸಿ ಬೆರಗು ಹುಟ್ಟಿಸಿದ್ದರು. ಸಾಕವ್ವನ ವಯಸ್ಸಿಗೆ ಬಂದ ನಟಿಯರು ಈಗ ನಮ್ಮಲ್ಲಿ ಹಲವರಿದ್ದಾರೆ, ವೃತ್ತಿ ರಂಗಭೂಮಿಯಿಂದ ಬಂದವರು, ಹವ್ಯಾಸಿಗಳು, ಧಾರಾವಾಹಿಗಳಲ್ಲಿ ಅತ್ತೆಯರಾಗಿ ಸವೆಯುತ್ತಿರುವವರು. ಅವರಿಗೆ ಮಾತು ಬಾಯಿಪಾಠ ಮಾಡುವ ಶಕ್ತಿ ಇರುವಾಗಲೇ ಆ ಕೆಲಸ ಆಗಬೇಕು. ಮುಂದಿನ ಬಜೆಟ್ಟಿನಲ್ಲಿ ಸನ್ಮಾನದ ಬಾಬಿನಿಂದ ಸ್ವಲ್ಪ ಹಣ ಇತ್ತ ತಿರುಗಿಸಿದರೂ ಶುರು ಮಾಡಬಹುದು.